ಬಾಳೆಗೊನೆಗೆ ಜಾಗವಿಲ್ಲದ ಜಾಗರೂಕರಿಗೆ

ಮಾನ್ಯ ‘ಜಾಗರೂಕ’ ಆ್ಯಪ್ ಅವರೇ,

ತಾವು ಮಾತನಾಡುವುದು ಹೆಣ್ಣುದನಿಯಲ್ಲಾದ್ದರಿಂದ ‘ಮಾನ್ಯೆಯೇ’ ಎನ್ನಬೇಕೋ, ಕಂಪನಿಯವರು ತಮ್ಮನ್ನು ‘ವ್ಯವಸ್ಥೆ’ ಎಂದು ಕರೆಯುವುದರಿಂದ ನಪುಂಸಕಲಿಂಗದಲ್ಲೇ ನಮಸ್ಕರಿಸಬೇಕೋ ತಿಳಿಯದೆ, ಯಾವ ಲಿಂಗಕ್ಕೂ ಕೊರತೆಯಾಗದಂತೆ ಒಟ್ಟಾರೆ ಕೈಮುಗಿದು ಈ ಪತ್ರ ಆರಂಭಿಸುತ್ತಿದ್ದೇನೆ. ತಮ್ಮ ಬ್ಯಾಟರಿ ಸದಾ ತುಂಬಿರಲಿ, ತಮಗೆ ಎಲ್ಲೆಡೆ ಸಿಗ್ನಲ್ ಸಿಗಲಿ ಎಂದು ಹಾರೈಸುತ್ತೇನೆ.

ನಾನು ಪದ್ಮಾಕ್ಷಿ. ಸಾಲಿಗ್ರಾಮದಲ್ಲಿ ಹುಟ್ಟಿ, ಬಸ್ರೂರಿಗೆ ಬಂದು, ನನ್ನ ಯಜಮಾನರಾದ ಶಾಮರಾಯರ ಜೊತೆ ಇಲ್ಲೊಂದು ಸಣ್ಣ ತಿಂಡಿ ಹೋಟೆಲು ನಡೆಸುತ್ತಿರುವವಳು. ಅವರು ದುಡ್ಡು ಎಣಿಸುವ ಗಲ್ಲೆಯಲ್ಲಿ ಕೂರುತ್ತಾರೆ, ನಾನು ಒಲೆಯ ಬುಡದಲ್ಲಿ ನಿಲ್ಲುತ್ತೇನೆ. ನಮ್ಮ ಬನ್ಸ್ ತಿನ್ನುವುದಕ್ಕೆಂದೇ ಕೊಕ್ಕರ್ಣೆಯಿಂದ ಜನ ಬರುತ್ತಾರೆಂದು ಯಜಮಾನರು ಹೇಳಿಕೊಳ್ಳುವುದುಂಟು. ಒಬ್ಬರು ಬಂದದ್ದು ನಿಜ. ಅವರು ಮಗಳ ಮನೆಗೆ ಹೋಗುವ ದಾರಿಯಲ್ಲಿ ತಪ್ಪಿ ಇಲ್ಲಿ ಬಸ್ಸಿಳಿದಿದ್ದರು.

ತಮ್ಮ ಪರಿಚಯವಿಲ್ಲದ ಓದುಗರಿಗಾಗಿ ತಮ್ಮ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮ ಬೀದಿಯ ಮನೆ, ಹೋಟೆಲುಗಳಿಗೆ ಪೈಪಿನಲ್ಲಿ ಗ್ಯಾಸ್ ತರುತ್ತಿರುವ ಕಂಪನಿಯೊಂದು ತನ್ನ ಫಿಟ್ಟರುಗಳು ಸುರಕ್ಷತಾ ನಿಯಮ ಪಾಲಿಸುತ್ತಾರೋ ಇಲ್ಲವೋ ಎಂದು ನೋಡಿಕೊಳ್ಳಲು ತಮ್ಮನ್ನು ಅವರ ಮೊಬೈಲುಗಳಲ್ಲಿ ಕೂರಿಸಿದೆ. ಫಿಟ್ಟರುಗಳು ಪೈಪಿಗೆ ಕೈಹಚ್ಚುವ ಮೊದಲು ತಮಗೆ ಫೋಟೋ ಕಳಿಸಬೇಕು, ಪ್ರಶ್ನೆಗಳಿಗೆ ಉತ್ತರ ಕೊಡಬೇಕು, ತಾವು ಮೆಚ್ಚಿ ಅನುಮತಿ ಕೊಡಬೇಕು, ಆಮೇಲೆಯೇ ಕೆಲಸ. ಹುಡುಗಿ ನೋಡಲು ಬಂದವರು ಕೂಡ ಇಷ್ಟು ಕೇಳುವುದಿಲ್ಲ. ಆದರೂ ಗ್ಯಾಸಿನ ಕೆಲಸದಲ್ಲಿ ಕೇಳುವುದೇ ಸರಿ ಎಂದು ಆಗ ನನಗೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ನಮ್ಮ ಅಡುಗೆಮನೆಗೆ ಪೈಪು ಹಾಕಲು ಬಂದವಳು ಗಂಗೊಳ್ಳಿಯ ಸ್ವಾತಿ. ಐಟಿಐ ಓದಿದವಳು. ಅವಳಪ್ಪ ಬೋಟಿನವರು, ಇಂಜಿನ್ನಿನ ಸದ್ದಿನ ಮೇಲೆ ಮಾತಾಡುವ ಅಪ್ಪನ ಗಂಟಲನ್ನು ಮಗಳು ಹಾಗೇ ಪಡೆದಿದ್ದಾಳೆ. ಜೊತೆಗೆ ರತೀಶನೆಂಬ ಇನ್ನೊಬ್ಬ ಫಿಟ್ಟರು ಇದ್ದ. ಇಬ್ಬರೂ ಹೆಲ್ಮೆಟ್ಟು, ಕೈಗವಸು, ಬೂಟು ಧರಿಸಿ ನಿಂತು ಫೋಟೋ ಕಳಿಸಿದರು. ತಾವು ತಿರಸ್ಕರಿಸಿದಿರಿ. ಮತ್ತೆ ಕಳಿಸಿದರು. ‘ಕೆಲಸದ ಸ್ಥಳದಲ್ಲಿ ತಲೆಗವಚವಿಲ್ಲದ ಮೂರನೆಯ ವ್ಯಕ್ತಿ ಪತ್ತೆಯಾಗಿದ್ದಾರೆ’ ಎಂದು ತಾವು ಇಂಪಾದ ದನಿಯಲ್ಲಿ ಘೋಷಿಸಿದಿರಿ. ನಾವೆಲ್ಲ ಹಿಂದೆ ಮುಂದೆ ನೋಡಿದೆವು. ಯಾರೂ ಇರಲಿಲ್ಲ. ಕೊನೆಗೆ ರತೀಶನೇ ಗೋಡೆಯತ್ತ ಬೆರಳು ತೋರಿಸಿದ. ಅಲ್ಲಿ ಗಂಧದ ಹಾರ ಹಾಕಿಕೊಂಡು ನನ್ನ ಮಾವನವರು ಎಂದಿನಂತೆ ಗಂಭೀರವಾಗಿ ಕುಳಿತಿದ್ದರು.

ಅವರು ತೀರಿಕೊಂಡು ಬಹಳ ಕಾಲವಾಗಿದ್ದು, ತಲೆಯ ಮೇಲೆ ಏನು ಬಿದ್ದರೂ ಇನ್ನು ಅವರಿಗೆ ಅಪಾಯವಿಲ್ಲವೆಂದು ತಮಗೆ ತಿಳಿಸಲು ಯಾವ ಗುಂಡಿಯೂ ಇರಲಿಲ್ಲ. ಫೋಟೋ ಕೆಳಗಿಳಿಸಲು ಯಜಮಾನರು ಒಪ್ಪಲಿಲ್ಲ. ಆದ್ದರಿಂದ ರತೀಶನ ಬೈಕಿನ ಹೆಲ್ಮೆಟ್ಟನ್ನು ಹಗ್ಗ ಕಟ್ಟಿ ಮಾವನವರ ಮುಖದ ನೇರಕ್ಕೆ ಇಳಿಬಿಟ್ಟೆವು. ಕೂಡಲೇ ಹಸಿರು ದೀಪ ತೋರಿಸಿ ‘ಅಭಿನಂದನೆಗಳು, ತಂಡದ ಎಲ್ಲ ಸದಸ್ಯರೂ ಸುರಕ್ಷಿತ’ ಎಂದಿರಿ. ಬದುಕಿದ್ದಷ್ಟು ದಿನವೂ ಸೈಕಲ್ ಬಿಟ್ಟು ಬೇರೆ ವಾಹನ ಏರದ ಮಾವನವರಿಗೆ ಹೆಲ್ಮೆಟ್ಟಿನ ಯೋಗವನ್ನು ಒದಗಿಸಿದ್ದಕ್ಕೆ ನಮ್ಮ ಕುಟುಂಬ ತಮಗೆ ಋಣಿ.

ಸ್ವಾತಿ ಮಾಡಿದ ಕೆಲಸದಲ್ಲಿ ಮಾತ್ರ ಆಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಕುಳಿತು ನೋಡಿದಳು. ಒಲೆಯ ಹತ್ತಿರ ಒಂದು ವಾಲ್ವ್ ಇಟ್ಟಳು. ಮುಖ್ಯ ವಾಲ್ವನ್ನು ಹೊರಗಿನ ಪಾಗಾರದ ಗೋಡೆಯಲ್ಲಿ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿದಳು. ಆ ಪೆಟ್ಟಿಗೆಗೆ ಬೀಗದ ಕೈ ಇಲ್ಲ. ದಾರಿಹೋಕರು ವಾಲ್ವ್ ತಿರುಗಿಸಿ ತಮಾಷೆ ನೋಡದಿರಲೆಂದು, ತಾವು ಮೊಬೈಲಿನಿಂದ ಅಪ್ಪಣೆ ಕೊಟ್ಟರೆ ಮಾತ್ರ ತೆರೆಯುವ ಬೀಗವನ್ನು ಕಂಪನಿ ಅದಕ್ಕೆ ಹಾಕಿಸಿತ್ತು. ಹೊರಡುವಾಗ ಸ್ವಾತಿ ಯಜಮಾನರನ್ನು ಕರೆದು ಪೈಪು ತೋರಿಸಿ ಹೇಳಿದ್ದಳು: “ರಾಯ್ರೇ, ಇದಕ್ಕ್ ಎಂತದೂ ನೇತ್ ಹಾಕುಕಾಗ ಕಾಣಿ. ಚೀಲವೂ ಆಗ, ಬಟ್ಟೆಯೂ ಆಗ.”

ಯಜಮಾನರು ಚೀಲವನ್ನೂ ನೇತುಹಾಕಲಿಲ್ಲ, ಬಟ್ಟೆಯನ್ನೂ ನೇತುಹಾಕಲಿಲ್ಲ. ಅವರು ಬಾಳೆಗೊನೆ ನೇತುಹಾಕಿದರು.

ಬನ್ಸ್ ಮಾಡಲು ಬಾಳೆಹಣ್ಣು ಚೆನ್ನಾಗಿ ಕಳಿಯಬೇಕು. ಅಡುಗೆಮನೆಯ ಮಾಡಿನ ಜಂತಿಯಲ್ಲಿ ಗೊನೆ ತೂಗುಹಾಕುವ ಕೊಕ್ಕೆಯೊಂದಿತ್ತು. ಪೈಪು ಹಾದುಹೋಗುವ ದಾರಿಯಲ್ಲಿ ಅದು ಬಂದದ್ದರಿಂದ ತೆಗೆಯಬೇಕಾಯಿತು. ಹೊಸ ಕೊಕ್ಕೆ ಹೊಡೆಸಿ ಎಂದು ನಾನು ಹೇಳುತ್ತಲೇ ಇದ್ದೆ, ಅವರು ಹ್ಞೂಂ ಎನ್ನುತ್ತಲೇ ಇದ್ದರು. ಕೊಕ್ಕೆಯ ಜಾಗವನ್ನು ಪೈಪು ಕಿತ್ತುಕೊಂಡಮೇಲೆ ಕೊಕ್ಕೆಯ ಕೆಲಸವನ್ನೂ ಪೈಪೇ ಮಾಡಲಿ ಎಂಬ ನ್ಯಾಯ ಅವರದು. ಒಂದು ಭಾನುವಾರ ಬೆಳಿಗ್ಗೆ ನಾನು ಗೋಳಿಬಜೆಯ ಹಿಟ್ಟು ಕಲಸುತ್ತಿದ್ದಾಗ, ತೋಟದಿಂದ ಬಂದ ದೊಡ್ಡದೊಂದು ಗೊನೆಯನ್ನು ನನ್ನ ಬೆನ್ನ ಹಿಂದೆಯೇ ಪೈಪಿಗೆ ಕಟ್ಟಿ, ಏನೂ ಆಗದವರಂತೆ ಗಲ್ಲೆಗೆ ಹೋಗಿ ಕುಳಿತರು.

ಹೋಟೆಲು ತುಂಬ ಜನ. ಎರಡನೆಯ ಬಾಣಲೆ ಇಳಿಸುವ ಹೊತ್ತಿಗೆ ಹಿಂದಿನಿಂದ ‘ಟಕ್’ ಎಂದಿತು, ಆಮೇಲೆ ಹಾವು ಬುಸುಗುಟ್ಟಿದ ಹಾಗೆ ಸದ್ದು. ತಿರುಗಿ ನೋಡಿದರೆ ಗೊನೆ ವಾಲಿಕೊಂಡಿದೆ, ಪೈಪು ಬಾಗಿದೆ, ಗ್ಯಾಸಿನ ವಾಸನೆ ಮೂಗಿಗೆ ಹೊಡೆಯುತ್ತಿದೆ. ಒಲೆ ಆರಿಸಿದೆ. ಒಲೆಯ ಹತ್ತಿರದ ವಾಲ್ವನ್ನೂ ಮುಚ್ಚಿದೆ. ಸದ್ದು ನಿಲ್ಲಲಿಲ್ಲ, ಜಾರಿದ ಜೋಡಣೆ ವಾಲ್ವಿಗಿಂತ ಹಿಂದಿತ್ತು. ಇನ್ನು ನಿಲ್ಲಿಸಬೇಕಾದರೆ ಹೊರಗಿನ ಪೆಟ್ಟಿಗೆಯೇ ಗತಿ. ಅದರ ಬೀಗವೋ ತಮ್ಮ ಕೈಯಲ್ಲಿ. ತಮಗೋ ಕೈಯೇ ಇಲ್ಲ.

“ಎಲ್ರೂ ಹೊರಗ್ ನಡೀರಿ!” ಎಂದು ಕೂಗಿದೆ. ನಮ್ಮ ಗಿರಾಕಿಗಳು ಒಳ್ಳೆಯವರು, ತಟ್ಟೆ ಹಿಡಿದುಕೊಂಡೇ ಓಡಿದರು. ಯಜಮಾನರು ಸ್ವಾತಿಗೆ ಫೋನು ಹಚ್ಚಿದರು. ಪುಣ್ಯಕ್ಕೆ ಅವಳು ಅದೇ ಬೀದಿಯ ಕೊನೆಯ ಮನೆಯಲ್ಲಿ ಮೀಟರು ನೋಡುತ್ತಿದ್ದಳು. ಸ್ಕೂಟರು ದೂರದಲ್ಲೇ ನಿಲ್ಲಿಸಿ, ಮೊಬೈಲು ಹಿಡಿದು ಓಡಿ ಬಂದಳು. ಅಷ್ಟರಲ್ಲಿ ನನ್ನ ಜೊತೆ ಅಡುಗೆಗೆ ನಿಲ್ಲುವ ಕಮಲ, ವಾಸನೆ ಹೊರಗೆ ಹೋಗಲೆಂದು ಹಿಂಬಾಗಿಲಿನಿಂದ ಮತ್ತೆ ಒಳಹೊಕ್ಕು ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ್ದಳು. ಸ್ವಾತಿ ಅಂಗಳದಿಂದಲೇ ಒಂದು ಕೂಗು ಹಾಕಿದಳು: “ಕಮಲಕ್ಕಾ, ಸ್ವಿಚ್ ಮುಟ್ಬೇಡಿ! ಕಿಡಿ ಹಾರತ್ತ್! ಹೊರಗ್ ಬನ್ನಿ!” ಆ ಗಂಟಲಿಗೆ ಹೆದರಿ ಕಮಲ ಕೈ ಹಿಂದೆಗೆದುಕೊಂಡಳು, ಹೊರಗೆ ಬಂದಮೇಲೆ ಸುಮಾರು ಹೊತ್ತು ಆ ಕೈಯನ್ನೇ ನೋಡುತ್ತ ನಿಂತಳು.

ಈಗ ತಮ್ಮ ಪಾತ್ರಕ್ಕೆ ಬರುತ್ತೇನೆ. ರಸ್ತೆಯಂಚಿನಲ್ಲಿ ನಿಂತು ಸ್ವಾತಿ ಬೀಗ ತೆರೆಯಲು ತಮ್ಮ ಅನುಮತಿ ಬೇಡಿದಳು. ತಾವು ಹೆಲ್ಮೆಟ್ಟಿನ ಫೋಟೋ ಕೇಳಿದಿರಿ, ಕಳಿಸಿದಳು. ಕೆಲಸಕ್ಕೆ ಮುಂಚಿನ ಸುರಕ್ಷತಾ ಮಾತುಕತೆಯಲ್ಲಿ ಇಬ್ಬರು ಸಿಬ್ಬಂದಿ ಇರುವ ಫೋಟೋ ಕೇಳಿದಿರಿ. ರತೀಶ ಬೈಂದೂರಿನಲ್ಲಿ ತಂಗಿಯ ನಿಶ್ಚಿತಾರ್ಥದಲ್ಲಿದ್ದ. ‘ಈ ಕೆಲಸ ಪೂರ್ವಯೋಜಿತವೇ?’ ಎಂದು ಕೇಳಿದಿರಿ. ಅಲ್ಲ ಎಂದಾಗ, ‘ಹಾಗಾದರೆ ದಯವಿಟ್ಟು ಯೋಜಿಸಿ, ನಾಳೆಯ ನಂತರದ ಒಂದು ದಿನಾಂಕ ಆರಿಸಿ’ ಎಂದಿರಿ. ಒಳಗೆ ಗ್ಯಾಸು ಬುಸುಗುಡುತ್ತಲೇ ಇತ್ತು. ಒಳ್ಳೆಯ ದಿನ, ಒಳ್ಳೆಯ ಗಳಿಗೆ ನೋಡಿಯೇ ಕೆಲಸ ಹಿಡಿಯುವ ಮನೆತನ ನಮ್ಮದೂ ಹೌದು. ಆದರೆ ತಮ್ಮಷ್ಟು ನೇಮಸ್ಥರನ್ನು ನಾವು ಸಾಲಿಗ್ರಾಮದಲ್ಲೂ ಕಂಡಿಲ್ಲ.

ಸ್ವಾತಿ ಕುಂದಾಪುರ ಕಚೇರಿಯ ಸುರಕ್ಷತಾ ಅಧಿಕಾರಿಗೆ ಫೋನು ಮಾಡಿದಳು. ಭಾನುವಾರ, ಗಂಟೆ ಹೊಡೆದು ಹೊಡೆದು ನಿಂತಿತು. ಅವಳು ಒಮ್ಮೆ ಮೊಬೈಲನ್ನು ನೋಡಿದಳು, ಒಮ್ಮೆ ತಟ್ಟೆ ಹಿಡಿದು ನಿಂತ ಜನರನ್ನು ನೋಡಿದಳು. ಆಮೇಲೆ ಮೊಬೈಲನ್ನು ನನ್ನ ಯಜಮಾನರ ಕೈಗೆ ಕೊಟ್ಟು ಹೇಳಿದಳು: “ರಾಯ್ರೇ, ಇದನ್ ಹಿಡ್ಕಂಡ್ ದೂರ ನಿಲ್ಲಿ. ಅಕ್ಕ, ಪೆಟ್ಗಿ ಒಡೂಕೆ ಎಂತಾರೂ ಇತ್ತಾ? ಕಬ್ಣ ಬ್ಯಾಡ, ಮರದ್ದ್ ಆಯ್ಕ್.”

ಹಿತ್ತಿಲ ಕಡೆಯ ತೆರೆದ ಚಾವಡಿಯಲ್ಲಿದ್ದ ಒನಕೆ ತಂದುಕೊಟ್ಟೆ. ಅದರ ಒಂದು ತುದಿಗೆ ಕಬ್ಬಿಣದ ಬಳೆ ಇತ್ತು. ಅವಳು ಅದನ್ನು ತಿರುಗಿಸಿ, ಬಳೆಯ ಕಡೆಯನ್ನು ತಾನು ಹಿಡಿದು, ಬರಿಯ ಮರದ ತುದಿಯಿಂದ ಪೆಟ್ಟಿಗೆಗೆ ಹೊಡೆದಳು. ಮೂರನೆಯದೋ ನಾಲ್ಕನೆಯದೋ ಏಟಿಗೆ ಪ್ಲಾಸ್ಟಿಕ್ ಒಡೆದು, ಬೀಗ ಬೀಗವಾಗಿಯೇ ಉಳಿದು, ಮುಚ್ಚಳ ಮಾತ್ರ ಕೆಳಗೆ ಬಿತ್ತು. ಅವಳು ವಾಲ್ವ್ ತಿರುಗಿಸಿದಳು. ಬುಸುಗುಟ್ಟುವುದು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರ ಕೈಯಲ್ಲೂ ತಟ್ಟೆ ಇತ್ತು. ಅಲ್ಲಿ ಕೇಳಿಸಿದ ದನಿ ತಮ್ಮದೊಂದೇ. ಯಜಮಾನರ ಅಂಗೈಯಿಂದ ತಾವು ಹೇಳಿದಿರಿ: ‘ಅನಧಿಕೃತ ಪ್ರವೇಶ ಪತ್ತೆಯಾಗಿದೆ. ನಿಮ್ಮ ಖಾತೆಯನ್ನು ಅಮಾನತಿನಲ್ಲಿಡಲಾಗಿದೆ. ಶುಭ ದಿನ.’

ಶುಭ ದಿನವೆಂದು ಹಾರೈಸಿದ್ದಕ್ಕೆ ಧನ್ಯವಾದ. ಮರುದಿನದಿಂದ ಸ್ವಾತಿಗೆ ಕೆಲಸವಿಲ್ಲ. ತಾವು ಹಾಜರಿ ಹಾಕದಿದ್ದರೆ ಕಂಪನಿಗೆ ಅವಳು ಕಾಣಿಸುವುದೇ ಇಲ್ಲವಂತೆ. ವಾರದ ಕೊನೆಗೆ ಅವಳನ್ನು ಗಂಗೊಳ್ಳಿಯ ಐಸ್ ಪ್ಲಾಂಟಿನ ಬಾಗಿಲಲ್ಲಿ ಕಂಡೆ. ಅಲ್ಲಿ ಪಂಪಿನ ಕೆಲಸಕ್ಕೆ ಸೇರಬಹುದೇ ಎಂದು ಕೇಳಲು ಬಂದಿದ್ದಳು. “ನನ್ ಹೆಸ್ರೇ ಇಲ್ಲ ಅಂಬ್ರ್ ಅದ್ರಗೆ,” ಎಂದು ಮೊಬೈಲು ತೋರಿಸಿದಳು. ಅಷ್ಟು ದೊಡ್ಡ ಗಂಟಲಿನವಳು ಅವತ್ತು ಎಷ್ಟು ಮೆಲ್ಲಗೆ ಮಾತಾಡಿದಳೆಂದರೆ, ನಾನು ಎರಡು ಸಲ ಎಂತ ಎಂತ ಎಂದು ಕೇಳಬೇಕಾಯಿತು. ಪೆಟ್ಟಿಗೆ ಒಡೆದದ್ದಷ್ಟೇ ಅವಳ ಮೇಲಿನ ಆರೋಪವಲ್ಲ. ಜೋಡಣೆ ಏಕೆ ಜಾರಿತು ಎಂಬ ಪ್ರಶ್ನೆಗೆ ತಾವು ಇಟ್ಟ ಉತ್ತರಗಳು ‘ಫಿಟ್ಟರಿನ ತಪ್ಪು’, ‘ಸಾಮಗ್ರಿಯ ದೋಷ’ ಮತ್ತು ‘ನೈಸರ್ಗಿಕ ವಿಕೋಪ’. ಯಾರೂ ಏನೂ ಹೇಳದಿದ್ದರೆ ತಾವಾಗಿಯೇ ಮೊದಲನೆಯದನ್ನು ಆರಿಸಿಕೊಳ್ಳುತ್ತೀರಂತೆ. ಆರಿಸಿಕೊಂಡಿದ್ದಿರಿ.

ಹೇಳಬೇಕಾದವರು ಗಲ್ಲೆಯಲ್ಲಿ ಕುಳಿತಿದ್ದರು. ಬಾಳೆಗೊನೆಯನ್ನು ಅವತ್ತೇ ಹಿತ್ತಿಲಿಗೆ ಸಾಗಿಸಿದ್ದ ನನ್ನ ಯಜಮಾನರು, ಕೇಳಿದ ಗಿರಾಕಿಗಳಿಗೆಲ್ಲ “ಈಗಿನ ಪೈಪೇ ಹಾಂಗೆ, ಬಹಳ ಸಪೂರ” ಎನ್ನುತ್ತಿದ್ದರು. ಮನೆಯಲ್ಲಿ ನಾನು ಕೇಳಿದೆ: “ಆ ಹುಡುಗಿ ನಮ್ಮ ಜೀವ ಉಳಿಸಿದ್ಲು. ನೀವ್ ಅವಳ ಕೆಲ್ಸ ಉಳಿಸುಕ್ ಆತಿಲ್ಯಾ?” ಅವರು ಪೇಪರು ಮುಖಕ್ಕೆ ಹಿಡಿದುಕೊಂಡರು. ಇದು ಕೆಟ್ಟತನವಲ್ಲ, ನಾಚಿಕೆ ಎಂದು ನನಗೆ ಗೊತ್ತು. ಇಡೀ ಬೀದಿಯೆದುರು ಬುದ್ಧಿವಂತನೆಂದು ಕುಳಿತವನಿಗೆ ಒಂದು ಗೊನೆಯ ಮುಂದೆ ತಲೆ ತಗ್ಗಿಸುವುದು ಸುಲಭವಲ್ಲ. ಆದರೆ ಅವರ ನಾಚಿಕೆಗೆ ಸ್ವಾತಿ ಅನ್ನ ಬಿಡಬೇಕೆಂದು ಯಾವ ನಿಯಮದಲ್ಲಿದೆ?

ಆದ್ದರಿಂದ ನಾನು ಬನ್ಸ್ ಮಾಡುವುದನ್ನು ನಿಲ್ಲಿಸಿದೆ. ಕಂಪನಿಯ ಬೇರೆ ಫಿಟ್ಟರು ಬಂದು ಪೈಪು ಸರಿಮಾಡಿದ್ದ, ಗ್ಯಾಸು ಇತ್ತು, ಹಣ್ಣೂ ಇತ್ತು. ಇಡ್ಲಿ ಕೊಟ್ಟೆ, ಅವಲಕ್ಕಿ ಕೊಟ್ಟೆ, ಗೋಳಿಬಜೆ ಕೊಟ್ಟೆ. “ಹ್ವಾಯ್ ರಾಯ್ರೇ, ಬನ್ಸ್ ಎಂತಕ್ ಇಲ್ಲ?” ಎಂದು ಒಬ್ಬೊಬ್ಬರಾಗಿ ಕೇಳುವಾಗ, “ಕಾರಣ ಅವರ ಹತ್ರವೇ ಕೇಳಿ” ಎಂದು ನಾನು ಒಳಗಿನಿಂದ ಮರ್ಯಾದೆಯಿಂದಲೇ ಹೇಳುತ್ತಿದ್ದೆ. ಗಲ್ಲೆ ಎಂಬುದು ತಪ್ಪಿಸಿಕೊಂಡು ಓಡಲಾಗದ ಜಾಗ. ಕೆಲವು ದಿನ ‘ಹಣ್ಣು ಕಳಿಯಲಿಲ್ಲ’ ಎಂದರು. ಕಳಿತ ಹಣ್ಣಿನ ಘಮಲು ಹೋಟೆಲಿನ ತುಂಬ ಹರಡಿದಮೇಲೆ ಆ ಮಾತೂ ನಡೆಯಲಿಲ್ಲ. ಕೊನೆಗೊಂದು ಬೆಳಿಗ್ಗೆ ತುಂಬಿದ ಹೋಟೆಲಿನಲ್ಲಿ ಎದ್ದು ನಿಂತು, ಯಾರೂ ಕೇಳದಿದ್ದರೂ, “ಗೊನೆ ಕಟ್ಟಿದ್ದ್ ನಾನ್ ಮಾರಾಯ್ರೆ! ಆ ಹೆಣ್ಣ್ ಬ್ಯಾಡ ಅಂದಿತ್ತ್, ಆದ್ರೂ ಕಟ್ಟಿದೆ!” ಎಂದುಬಿಟ್ಟರು. ಯಾರೂ ನಗಲಿಲ್ಲ. ಒಬ್ಬರು, “ಹಾಂಗಾರೆ ಹೋಯಿ ಹೇಳಿ ಬನ್ನಿ, ಗಲ್ಲೆ ನಾ ಕಾಂತೆ” ಎಂದು ಚಾ ಲೋಟ ಹಿಡಿದುಕೊಂಡೇ ಗಲ್ಲೆಗೆ ಬಂದು ಕುಳಿತರು.

ಆಗಲೇ ನಾವಿಬ್ಬರೂ ಕುಂದಾಪುರದ ಕಚೇರಿಗೆ ಹೋದೆವು. ಅಲ್ಲಿಯ ಸುರಕ್ಷತಾ ಅಧಿಕಾರಿ ಅನೀಶ್ ಎಂಬವರು. ಭಾನುವಾರ ಫೋನು ಎತ್ತದಿದ್ದವರು ಇವರೇ. ಅದನ್ನು ನಾವು ಎತ್ತಿ ಆಡುವ ಮೊದಲು ಅವರೇ ಕ್ಷಮೆ ಕೇಳಿದರು. ಯಜಮಾನರು ಎಲ್ಲವನ್ನೂ ಹೇಳಿ, “ಅವಳ್ ಜಾಯಿಂಟ್ ಗಟ್ಟಿಯೇ ಇತ್ತ್, ನನ್ ತಲೆ ಸಡ್ಲ” ಎಂದರು. ಅನೀಶರು ನಕ್ಕು, ಮೊಬೈಲಿನಲ್ಲಿ ತಮ್ಮನ್ನು ತೆರೆದು, ಕಾರಣವನ್ನು ತಿದ್ದಲು ಹೊರಟರು. ಎಷ್ಟು ಹುಡುಕಿದರೂ ಬಾಳೆಗೊನೆ ಇರಲಿಲ್ಲ. ‘ಇತರೆ’ ಎಂಬ ಜಾಗವೂ ಇರಲಿಲ್ಲ. ಸಾಮಗ್ರಿ ದೋಷವೆಂದರೆ ಸುಳ್ಳಾಗುತ್ತದೆ. ಅವರು ಸ್ವಲ್ಪ ಯೋಚಿಸಿ, “ಬಾಳೆಗೊನೆ ನೈಸರ್ಗಿಕವೇ ಅಲ್ಲವೇ? ಆದದ್ದು ವಿಕೋಪವೇ ಅಲ್ಲವೇ?” ಎಂದು ಮೂರನೆಯದನ್ನು ಒತ್ತಿದರು. ಮೇಲಿನವರಿಗೆ ನಡೆದದ್ದನ್ನು ನಡೆದಂತೆ ಬೇರೆ ಬರೆದು ಕಳಿಸುತ್ತೇನೆ ಎಂದೂ ಮಾತು ಕೊಟ್ಟರು.

ಅವತ್ತು ಸಂಜೆಯಿಂದ ತಾವು ನಮ್ಮ ಮೇಲೆ ಸುರಿಸಿದ ಕಾಳಜಿಯನ್ನು ಮರೆಯಲಾರೆ. ಗ್ರಾಹಕರೆಂದು ತಮ್ಮ ಪಟ್ಟಿಯಲ್ಲಿರುವ ಯಜಮಾನರ ಮೊಬೈಲಿಗೆ ತಮ್ಮ ಸಂದೇಶಗಳು ಒಂದರ ಹಿಂದೆ ಒಂದು ಬಂದವು. ಎತ್ತರದ ಜಾಗಕ್ಕೆ ತೆರಳಿರಿ ಎಂದಿರಿ. ದೋಣಿಗಳನ್ನು ದಡಕ್ಕೆ ಎಳೆದು ಕಟ್ಟಿರಿ ಎಂದಿರಿ. ನಮ್ಮಲ್ಲಿ ದೋಣಿ ಇಲ್ಲದಿರುವುದರಿಂದ ದೋಸೆಯ ಕಾವಲಿಯನ್ನೇ ಎಳೆದು ಒಳಗಿಟ್ಟೆವು. ‘ಬಸ್ರೂರು ಸಂತ್ರಸ್ತರೇ, ಧೈರ್ಯವಾಗಿರಿ’ ಎಂದು ಹೆಣ್ಣುದನಿಯಲ್ಲಿ ತಾವು ಹೇಳಿದಾಗ, ಮೂಲೆಯ ಮೇಜಿನಲ್ಲಿದ್ದವರೊಬ್ಬರು, ನಾನು ಮತ್ತೆ ಮಾಡತೊಡಗಿದ್ದ ಬನ್ಸ್ ಇನ್ನೊಂದು ಪ್ಲೇಟು ತರಿಸಿಕೊಂಡರು.

ಅನೀಶರು ಮಾತು ಉಳಿಸಿಕೊಂಡರು. ಸ್ವಾತಿಯನ್ನು ಕಂಪನಿ ವಾಪಸು ಕರೆಯಿತು. ಅವಳು ತಕ್ಷಣ ಹೋಗಲಿಲ್ಲ. ಕಚೇರಿಗೆ ಹೋಗಿ, ಪೆಟ್ಟಿಗೆಯ ಬೀಗ ತೆಗೆದರೆ ಮಾತ್ರ ಬರುತ್ತೇನೆ ಎಂದಳಂತೆ. “ಗ್ಯಾಸ್ ಸೋರುವಾಗ ಯಾರೂ ನನ್ನ್ ಕಾಯೂಕಾಗ ಸಾರ್. ನಾ ಬಪ್ಪ ಮೊದ್ಲೇ ಅವ್ರೇ ವಾಲ್ವ್ ಬಂದ್ ಮಾಡ್ಕ್,” ಎಂದಳೆಂದು ಅನೀಶರೇ ನನಗೆ ಹೇಳಿದರು. ಅವರು ಒಪ್ಪಿದರು, ಮೇಲಿನವರನ್ನೂ ಒಪ್ಪಿಸಿದರು. ಈಗ ನಮ್ಮ ಬೀದಿಯ ಪೆಟ್ಟಿಗೆಗಳಿಗೆ ಎಳೆದರೆ ತೆರೆಯುವ ಮುಚ್ಚಳ ಬಂದಿದೆ. ಅದನ್ನು ಹಾಕಿದ ದಿನ ಸ್ವಾತಿ ನನ್ನನ್ನೂ ಕಮಲಳನ್ನೂ ಆಚೀಚೆ ಮನೆಯವರನ್ನೂ ಸಾಲಾಗಿ ನಿಲ್ಲಿಸಿ, ವಾಲ್ವ್ ಯಾವ ಕಡೆಗೆ ತಿರುಗಿಸಬೇಕೆಂದು ಒಬ್ಬೊಬ್ಬರಿಂದಲೂ ಮಾಡಿಸಿ ನೋಡಿದಳು. ಕಮಲ ಎರಡು ಸಲ ಮಾಡಿ ತೋರಿಸಿದಳು. ಯಜಮಾನರು ತಪ್ಪು ಕಡೆಗೆ ತಿರುಗಿಸಲು ಹೋಗಿ, ಆ ಗಂಟಲಿನಿಂದ ಬೈಸಿಕೊಂಡರು. ಬೈಗುಳ ಬಸ್ ನಿಲ್ದಾಣದವರೆಗೂ ಕೇಳಿಸಿತಂತೆ. ನನಗೆ ಬಹಳ ಸಮಾಧಾನವಾಯಿತು.

ನಿಯಮಗಳೇ ಬೇಡವೆಂದು ನಾನು ಬರೆಯುತ್ತಿಲ್ಲ, ಮಾನ್ಯರೇ. ಕಬ್ಬಿಣ ಬೇಡ, ಸ್ವಿಚ್ಚು ಬೇಡ, ಜನ ಮೊದಲು ಹೊರಗೆ ಎನ್ನುವುದೂ ನಿಯಮವೇ. ಅದನ್ನು ಆ ಬೆಳಿಗ್ಗೆ ಪಾಲಿಸಿದವಳು ಸ್ವಾತಿ. ಆ ಹೊತ್ತಿನಲ್ಲಿ ತಾವು ದಿನಾಂಕ ಹುಡುಕುತ್ತಿದ್ದಿರಿ. ಆದ್ದರಿಂದ ನನ್ನ ಕೋರಿಕೆಗಳು ಇಷ್ಟೇ. ತಮ್ಮ ಕಾರಣಗಳಲ್ಲಿ ಬಾಳೆಗೊನೆಗೂ ಅದನ್ನು ಕಟ್ಟುವ ಗಂಡಂದಿರಿಗೂ ಜಾಗ ಮಾಡಿಕೊಡಬೇಕು. ಅಪಾಯಗಳು ಇನ್ನು ಮುಂದೆ ಮುಂಚಿತವಾಗಿ ತಮ್ಮಲ್ಲಿ ದಿನಾಂಕ ಗೊತ್ತುಮಾಡಿಕೊಂಡು, ಇಬ್ಬರು ಸಾಕ್ಷಿಗಳೊಂದಿಗೆ ಫೋಟೋ ತೆಗೆಸಿಕೊಂಡೇ ಬರುವಂತೆ ಅವುಗಳಿಗೂ ಸುತ್ತೋಲೆ ಕಳಿಸಬೇಕು. ಹಾಗೂ ತಾವು ಒಮ್ಮೆ ಸ್ವತಃ ಬಸ್ರೂರಿಗೆ ಬಂದು, ಒಲೆಯ ಮುಂದೆ ನಿಂತು, ಗ್ಯಾಸಿನ ವಾಸನೆ ಹೇಗಿರುತ್ತದೆಂದು ಮೂಸಿ ನೋಡಬೇಕು. ಮೂಗು ಇಲ್ಲದಿದ್ದರೆ ತೊಂದರೆಯಿಲ್ಲ, ನಮ್ಮಲ್ಲಿ ಬೇಕಷ್ಟಿವೆ, ಕೇಳಿದರೆ ಕೊಡುತ್ತೇವೆ.

ತಮ್ಮ ಹಸಿರು ದೀಪಕ್ಕೆ ಕಾಯದೆ ಬದುಕಿ ಉಳಿದ,
ಆದರೂ ತಮ್ಮ ವಿಶ್ವಾಸಿ,

ಪದ್ಮಾಕ್ಷಿ
ಬಸ್ರೂರು

ವಿ.ಸೂ.: ಈ ಪತ್ರವನ್ನು ಊರಿಗೆಲ್ಲ ಸಾರುವ ಉದ್ದೇಶ ನನಗಿರಲಿಲ್ಲ. ಗ್ರಾಹಕರ ದೂರಿಗೆಂದು ತಾವು ಮಾಡಿಟ್ಟ ಜಾಗದಲ್ಲೇ ಬರೆಯಲು ಕುಳಿತಿದ್ದೆ. ‘ಮಾನ್ಯರೇ’ ಎಂದು ಬರೆದು ಮುಂದಿನ ಶಬ್ದಕ್ಕೆ ಬೆರಳೆತ್ತುವಷ್ಟರಲ್ಲಿ ತಾವು ‘ಧನ್ಯವಾದಗಳು, ನಿಮ್ಮ ದೂರನ್ನು ತೃಪ್ತಿಕರವಾಗಿ ಪರಿಹರಿಸಲಾಗಿದೆ’ ಎಂದು ಬಾಗಿಲು ಹಾಕಿಕೊಂಡಿರಿ. ಉಳಿದದ್ದನ್ನು ಪತ್ರಿಕೆಗೆ ಕಳಿಸಿದ್ದೇನೆ.